ಬ್ಯಾಂಕಿನ ತಾರೀಕು ಮಳೆ ನೋಡುವುದಿಲ್ಲ

ಕೆಂಭಾವಿಯಲ್ಲಿ ಉದ್ದರಿ ತರದ ಮನೆ ಯಾವುದಿದೆ ಹೇಳಿ? ಕಿರಾಣಿ ಅಂಗಡಿಯಿಂದ ಸಕ್ಕರೆ ತರುತ್ತೇವೆ, ಹತ್ತಿ ಮಾರಿದ ಮೇಲೆ ತೀರಿಸುತ್ತೇವೆ. ಅಂಗಡಿಯವನೂ ಕಾಯುತ್ತಾನೆ, ಯಾಕೆಂದರೆ ಅವನಿಗೂ ಹೊಲವಿದೆ. ಈ ರೂಢಿಯಲ್ಲಿ ತಪ್ಪೇನಿಲ್ಲ. ಆದರೆ ಇದೇ ರೂಢಿ ಸರಿತಾಳ ರೊಟ್ಟಿ ಯಂತ್ರದ ಕನಸನ್ನು ನುಂಗಲು ಬಂದಿತ್ತು.

ಸರಿತಾ ಜೋಳದ ರೊಟ್ಟಿ ಮಾಡಿ ಶಹಾಪುರದ ಖಾನಾವಳಿಗಳಿಗೆ ಕೊಡುವವಳು. ತಟ್ಟಿ ತಟ್ಟಿ ರಟ್ಟೆ ಸೋತಿತ್ತು. ಯಂತ್ರಕ್ಕೆ ಸಾಲ ಕೇಳಿದರೆ ಬ್ಯಾಂಕಿನವರು, "ನೀವು ಎಂದೂ ಸಾಲ ತಗೊಂಡಿಲ್ಲ. ನಿಮ್ಮ ಹೆಸರಿಗೆ ಕ್ರೆಡಿಟ್ ಸ್ಕೋರೇ ಇಲ್ಲ" ಎಂದುಬಿಟ್ಟರು.

"ಸಾಲ ಮಾಡದ ಬದುಕಿದ್ದೂ ತಪ್ಪೇನ್ರಿ?" ಎಂದು ಸರಿತಾ ಅಲ್ಲೇ ಜೋರು ಮಾಡಿದಳು. ಮಾಡಬೇಕಾದದ್ದೇ!

ದಾರಿ ತೋರಿಸಿದವಳು ಪಕ್ಕದ ಮನೆಯ ಆಸ್ಮಾ. ಹೊಲಿಗೆ ಅಂಗಡಿಯವಳು, ಕಾರ್ಡು ಬಳಸಿ ಪಳಗಿದವಳು.

"ಸ್ವಲ್ಪ ರೊಕ್ಕ ಎಫ್.ಡಿ. ಇಡು. ಅದರ ಮ್ಯಾಲ ಕ್ರೆಡಿಟ್ ಕಾರ್ಡ್ ಕೊಡ್ತಾರ. ಹೆಂಗೂ ತರೂ ಜ್ವಾಳ, ಗ್ಯಾಸ್ ಅಷ್ಟೇ ಅದರಾಗ ತಾ. ಅವರು ಕೊಟ್ಟ ಮಿತಿಯಾಗ ಮೂರರಾಗ ಒಂದು ಪಾಲು ದಾಟಬ್ಯಾಡ. ತಾರೀಕಿನ ಒಳಗ ಪೂರಾ ಬಿಲ್ ಕಟ್ಟು, ಹಂಗ ಕಟ್ಟಿದ್ರ ನಿನ್ನ ಹೆಸರಿಗೆ ಸ್ಕೋರು ಬೆಳೀತದ. ಬಿಲ್‌ನ್ಯಾಗ 'ಕನಿಷ್ಠ ಮೊತ್ತ' ಅಂತ ಸಣ್ಣದೊಂದು ಲೆಕ್ಕ ಇರ್ತದ, ಅದಕ್ಕ ಮರುಳಾಗಬ್ಯಾಡ. ಉಳಿದದ್ದಕ್ಕ ಬಡ್ಡಿ ಏರ್ತದ. ಎಟಿಎಂನ್ಯಾಗ ಅದರಿಂದ ರೊಕ್ಕ ಅಂತೂ ಬಿಲ್ಕುಲ್ ತೆಗೀಬ್ಯಾಡ."

ಅತ್ತೆ ಹಣಮಂತಮ್ಮ ಮೂಗು ಮುರಿದಳು. "ಇರಲಾರದ ಇರುವಿ ಬಿಟ್ಕೊಂಡಂಗ ಆತು!"

ಸರಿತಾ ಕೇಳಲಿಲ್ಲ. ಕಾರ್ಡು ತಂದಳು, ತಿಂಗಳು ತಿಂಗಳು ತಪ್ಪದೆ ಕಟ್ಟಿದಳು.

ಮಳೆಗಾಲದಲ್ಲಿ ಒಂದು ದಿನ ಅವಳ ಗಂಡನ ಅಣ್ಣ ಮಲ್ಲಿನಾಥ ಬಂದ. "ಸರಿತಾ, ಆ ಕಾರ್ಡು ತಾ. ದೊಡ್ಡ ಟಿವಿ ತಗೋಬೇಕು. ಹತ್ತಿ ಬಂದ್ಮ್ಯಾಲ ತೀರಿಸ್ತೀನಿ."

ಭಾವ ಬಾಯಿಬಿಟ್ಟು ಕೇಳಿದರೆ ಇಲ್ಲ ಅನ್ನುವ ಸೊಸೆ ನಮ್ಮ ಕಡೆ ಉಂಟೇ? ಹಣಮಂತಮ್ಮ ತಾನೇ ಎದ್ದು ಗೋಡೆಯ ಮಾಡದಲ್ಲಿಟ್ಟಿದ್ದ ಕಾರ್ಡಿಗೆ ಕೈ ಹಾಕಿದಳು. ಸರಿತಾ ಮುಂದೆ ಬಂದು ಅದನ್ನು ತನ್ನ ಮುಷ್ಟಿಯಲ್ಲಿ ಹಿಡಿದುಕೊಂಡಳು.

"ಕೊಡೂದಿಲ್ರಿ ಭಾವಾರ. ಹತ್ತಿ ಬರೂದು ಮಳಿ ಕೈಯಾಗದ. ಬ್ಯಾಂಕಿನ ತಾರೀಕು ಮಳಿ ನೋಡೂದಿಲ್ಲ."

"ಎರಡು ತಿಂಗಳು ತಡಾ ಆದ್ರ ಬ್ಯಾಂಕಿನ ಮನಿ ಬೀಳ್ತದೇನು?" ಎಂದಳು ಅತ್ತೆ.

ರೊಟ್ಟಿ ಒಯ್ಯಲು ಬಂದಿದ್ದ ಆಸ್ಮಾ ಬಾಗಿಲಲ್ಲೇ ನಿಂತು ಹೇಳಿದಳು. "ಬೀಳೂದು ಬ್ಯಾಂಕಿನ ಮನಿ ಅಲ್ಲ ಆಯಿ, ಸರಿತಾನ ಸ್ಕೋರು. ಯಾರು ತಡಾ ಮಾಡಿದ್ರೂ ಕೆಡೂದು ಇಕಿ ಹೆಸರೇ. ಆಮ್ಯಾಲ ಯಂತ್ರಕ್ಕ ಸಾಲ ಯಾರು ಕೊಡ್ತಾರ?"

ಮಲ್ಲಿನಾಥ ನಕ್ಕ. "ಹೆಂಗಸಿಗ್ಯಾಕ ಬೇಕು ಬ್ಯಾಂಕಿನಾಗ ಹೆಸರು?"

ಆ ಮಾತು ಹಣಮಂತಮ್ಮನ ಎದೆಗೆ ನಾಟಿತು. ಕೆಂಡದ ಮುಂದೆ ಕೂತು ಆಯುಷ್ಯ ಸವೆಸಿದವಳು ಅವಳು. ಹಿರಿಮಗನ ಕಡೆ ತಿರುಗಿದಳು.

"ಏ ಮಲ್ಲ್ಯಾ! ಈ ಕೈಯಿಂದ ರೊಟ್ಟಿ ತಟ್ಟಿ ನಿನ್ನ ಸಾಕೀನಿ. ಹಣಮಂತಮ್ಮನ ಹೆಸರೀಗಿ ಏನದ ಅಂತ ಊರಾಗ ಕೇಳಿ ಬಾ. ಏನೂ ಇಲ್ಲ! ಇಕಿ ತನ್ನ ಹೆಸರು ಕಟ್ಟಾಕತ್ಯಾಳ, ಅದನ್ನ ಕೆಡಸಬ್ಯಾಡ. ಟಿವಿ ಬೇಕಾದ್ರ ಹತ್ತಿ ಬಂದ್ಮ್ಯಾಲೇ ತಗೋ, ನಡಿ!"

ಮಲ್ಲಿನಾಥ ಚಹಾ ಸಹ ಕುಡಿಯದೆ ಎದ್ದು ಹೋದ. ಹೋಗಲಿ ಬಿಡಿ.

ಮರುವರ್ಷ ಸರಿತಾ ಅದೇ ಬ್ಯಾಂಕಿಗೆ ಹೋದಳು. ಈಗ ಅವಳ ಹೆಸರಿಗೆ ಒಳ್ಳೆಯ ಸ್ಕೋರು ಇತ್ತು, ಸಾಲ ಮಂಜೂರಾಯಿತು. ಯಂತ್ರದಿಂದ ಬಂದ ಮೊದಲ ರೊಟ್ಟಿಯನ್ನು ಅತ್ತೆಯ ಕೈಗೆ ಕೊಟ್ಟಳು. "ಸ್ವಲ್ಪ ದಪ್ಪ ಆತು" ಎಂದಳು ಹಣಮಂತಮ್ಮ, ಆದರೂ ಪೂರ್ತಿ ತಿಂದಳು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಕಾರ್ಡು ಉದ್ದರಿಯಲ್ಲ, ಪುಕ್ಕಟೆ ರೊಕ್ಕವೂ ಅಲ್ಲ. ಕಟ್ಟಬಲ್ಲಷ್ಟೇ ಖರ್ಚು ಮಾಡಿ, ತಾರೀಕಿಗೆ ಮೊದಲೇ ಪೂರ್ತಿ ಕಟ್ಟಿ. ವರ್ಷಕ್ಕೊಮ್ಮೆ ನಿಮ್ಮ ಕ್ರೆಡಿಟ್ ವರದಿಯನ್ನು ಉಚಿತವಾಗಿ ನೋಡಿಕೊಳ್ಳಿ. ಮನೆಗೆ ಬಂದವರಿಗೆ ಹೊಟ್ಟೆತುಂಬ ಊಟ ಹಾಕಿ, ಕಾರ್ಡು, ಪಿನ್ನು, ಓಟಿಪಿ ಮಾತ್ರ ಯಾರಿಗೂ ಕೊಡಬೇಡಿ. ಮುನಿದ ನೆಂಟರು ನಾಗಪಂಚಮಿ ಹಬ್ಬದ ಉಂಡಿ ತಿನ್ನಲು ತಿರುಗಿ ಬರುತ್ತಾರೆ. ಕೆಟ್ಟ ಸ್ಕೋರು ತಿರುಗಿ ಏರಲು ವರ್ಷಗಳೇ ಬೇಕು.