ಹಂಗಲ್ಲ ಎನ್ನುವ ನೌರೀನ್

ಸಾವಿನ ಮನೆಗೆ ಹೋಗಿ ಜಗಳವಾಡಿ ಬರುವವರನ್ನು ನಾನು ಕಂಡಿರುವುದು ಒಬ್ಬಳನ್ನೇ. ಶಿಡ್ಲಘಟ್ಟದ ನಮ್ಮ ಬೀದಿಯ ರೇಷ್ಮೆ ನೂಲು ತೆಗೆಯುವ ರೀಲರ್ ದಸ್ತಗಿರ್ ಸಾಹೇಬರ ಮಗಳು ನೌರೀನ್, ಬಸ್ಸು ತಪ್ಪಿಹೋಗುತ್ತದೇನೋ ಎಂಬಂತೆ ಮುಂದಕ್ಕೆ ಬಾಗಿ ನಡೆಯುವವಳು, ಚಳಿಯಿರಲಿ ಬಿಸಿಲಿರಲಿ ಅಪ್ಪನ ಹಳೆಯ ಕಂದು ಕೋಟು ತೊಟ್ಟೇ ಹೊರಡುವವಳು, ಯಾರ ಮಾತಿಗಾದರೂ ಮೊದಲು "ಹಂಗಲ್ಲ" ಎಂದು ಅಡ್ಡ ಹಾಕಿ ಆಮೇಲೆ ತನ್ನ ಮಾತು ಶುರುಮಾಡುವವಳು.

ಆ ಕೋಟಿಗೆ ಇವತ್ತಿಗೂ ಬೇಯಿಸಿದ ರೇಷ್ಮೆಗೂಡಿನ ವಾಸನೆಯಿದೆ. ನಮಾಜು ತಪ್ಪಿಸದ, ಹೆಂಡದಂಗಡಿ ಎದುರಾದರೆ ರಸ್ತೆಯ ಆಚೆ ಬದಿಗೆ ಸರಿಯುತ್ತಿದ್ದ ಆ ಸಾತ್ವಿಕ ಮನುಷ್ಯ ಯಕೃತ್ತಿನ ಕ್ಯಾನ್ಸರಿನಿಂದ ತೀರಿಕೊಂಡಾಗ ಊರು ಆಡಿದ್ದು ಒಂದೇ ಮಾತು, "ಕದ್ದು ಎಣ್ಣೆ ಹಾಕ್ತಿದ್ದ." ನಮ್ಮಲ್ಲಿ ಎಣ್ಣೆಯೆಂದರೆ ಹೆಂಡ, ಲಿವರ್ ಕೆಟ್ಟಿತೆಂದರೆ ಎಣ್ಣೆಯೇ ಕಾರಣ. ಹೆಪಟೈಟಿಸ್ ಬಿ ವೈರಸ್ ಎಂದು ವೈದ್ಯರು ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ಸತ್ತವನ ಮಾನ ಕಳೆಯಲು ನಮ್ಮ ಜನಕ್ಕೆ ಸಾಕ್ಷಿಯೂ ಬೇಡ, ನಾಚಿಕೆಯೂ ಇಲ್ಲ.

ಆ ಸಿಟ್ಟೇ ಅವಳನ್ನು ಸಂಶೋಧನೆಗೆ ಹಚ್ಚಿತು. ವೈರಸ್ಸಿನಿಂದ ಬರುವ ಯಕೃತ್ತಿನ ಕ್ಯಾನ್ಸರಿನಲ್ಲಿ ಮೈಕ್ರೋ ಆರ್‌ಎನ್‌ಎಗಳ ಪಾತ್ರವೇನೆಂಬುದು ಅವಳ ವಿಷಯ. ಒಮ್ಮೆ ನಮ್ಮ ಜಗುಲಿಯಲ್ಲಿ ಕೂತು ವಿವರಿಸಿದಳು: "ಅದೊಂದು ಚೂರು, ಅಂಕಲ್. ತಾನಾಗಿ ಏನೂ ಕಟ್ಟಲ್ಲ. ಜೀವಕೋಶದಲ್ಲಿ ಬೇಡದ ಸಂದೇಶ ಹೊರಟ್ರೆ ತಡೆಯೋದೇ ಅದರ ಕೆಲಸ. ವೈರಸ್ ಬಂದು ಕೂತ್ಮೇಲೆ ಲಿವರಲ್ಲಿ ಇಂಥವು ಕೆಲವು ಕಮ್ಮಿ ಆಗ್ತವೆ. 'ಬೆಳಿ, ಬೆಳಿ' ಅನ್ನೋ ಸಂದೇಶಕ್ಕೆ ಆಮೇಲೆ ತಡೆಯೋರೇ ಇರಲ್ಲ. ಈ ಏರುಪೇರನ್ನ ರಕ್ತದಲ್ಲಿ ಮುಂಚೇನೇ ಹಿಡಿಯಕ್ಕಾಗುತ್ತಾ ಅಂತ ನೋಡ್ತಿದೀವಿ."

ಕಳೆದ ವರ್ಷ ಚಿಂತಾಮಣಿಯ ಕಡೆ, ಅಂಬಾಜಿದುರ್ಗದ ಪಕ್ಕದ ಹಳ್ಳಿಯಲ್ಲಿ ನನ್ನ ಗೆಳೆಯ ಗಂಗುಲಪ್ಪ ಅದೇ ವೈರಸ್ಸು, ಅದೇ ಕ್ಯಾನ್ಸರಿಗೆ ತುತ್ತಾದ. ಸಾವಿಗೆ ಹೊರಟ ನನ್ನ ಜೊತೆ ನೌರೀನಳೂ ಬಂದಳು. ಅವನ ಚಿಕ್ಕಪ್ಪ ಬಯ್ಯಪ್ಪ ಹೆಣದ ಮುಂದೆಯೇ, "ಲಿವರ್ ಅಂದ್ಮೇಲೆ ಎಣ್ಣೆ ತಾನೇ, ನಮ್ ಕಣ್ಣಿಗೆ ಕಾಣ್ದಂಗೆ ಹಾಕ್ತಿದ್ದ" ಎಂದ.

"ಹಂಗಲ್ಲ ತಾತ. ಅದು ವೈರಸ್. ರಕ್ತದಿಂದ ಮನೆಯವರಿಗೂ ದಾಟಿರಬೋದು. ಎಲ್ರೂ ಟೆಸ್ಟ್ ಮಾಡಿಸ್ಬೇಕು."

ಗಂಗುಲಪ್ಪನ ಹೆಂಡತಿ ಚಿಕ್ಕವೆಂಕಟಮ್ಮ ಕಣ್ಣೊರೆಸಿಕೊಳ್ಳುತ್ತ ಅವಳ ಕೈ ಹಿಡಿದಳು. "ಮೆಲ್ಲಗೆ ಮಾತಾಡಮ್ಮ. ನಮ್ ಮಗಳು ಪವಿತ್ರನ ಅತ್ತೆಮನೆಯೋರು ಒಳಗವ್ರೆ."

"ಅವರಿಗೂ ಕೇಳಿಸ್ಲಿ. ಪವಿತ್ರ ಬಸುರಿ ಅಲ್ವಾ? ಅವಳಿಗಿದ್ರೆ ಹೆರಿಗೇಲಿ ಮಗೂಗೂ ಬರುತ್ತೆ."

ಒಳಗೆ ಗಲಾಟೆಯೆದ್ದಿತು. ಬೀಗರು ಮಣ್ಣಿಗೂ ನಿಲ್ಲದೆ ಎದ್ದು ಹೋದರು. ಮರ್ಯಾದೆ ಕಳೆದಳೆಂದು ಎಲ್ಲರೂ ಅವಳಿಗೇ ಬೈದರು. ಸತ್ತವನನ್ನು ಕುಡುಕನೆಂದದ್ದು ಮಾತ್ರ ಆ ಅಂಗಳದಲ್ಲಿ ಯಾರಿಗೂ ಅಮರ್ಯಾದೆಯಾಗಿ ಕಾಣಲಿಲ್ಲ.

ಪವಿತ್ರ ಹಟ ಹಿಡಿದು ಪರೀಕ್ಷೆ ಮಾಡಿಸಿಕೊಂಡಳು. ಅವಳ ರಕ್ತದಲ್ಲಿ ವೈರಸ್ ಇತ್ತು. ಮೊದಲೇ ತಿಳಿದದ್ದರಿಂದ ಅವಳಿಗೆ ಔಷಧಿ ಶುರುವಾಯಿತು; ಮಗು ಹುಟ್ಟಿದ ದಿನವೇ ಎರಡೂ ತೊಡೆಗೆ ವೈರಸ್ ತಡೆಯುವ ಸೂಜಿ ಬಿತ್ತು. ನೋಡಲು ಬಂದ ಬಯ್ಯಪ್ಪ, ಇಷ್ಟು ಎಳೆಗೂಸಿಗೆ ಯಾಕಮ್ಮ ಇದೆಲ್ಲ ಎಂದು ಅಲ್ಲೇ ಇದ್ದ ನೌರೀನಳನ್ನು ಕೇಳಿದ.

"ಲಿವರಿಗೆ," ಎಂದಳು ನೌರೀನ್, ಕೋಟಿನ ಜೇಬಿನಿಂದ ಕೈ ತೆಗೆಯದೆ. "ನೀವೇ ಹೇಳಿ ತಾತ, ಈ ಮಗು ಯಾವಾಗ ಎಣ್ಣೆ ಹಾಕ್ತು?"

ಬಯ್ಯಪ್ಪ ಮಗುವಿನ ತೊಡೆಯ ಮೇಲೆ ಬಟ್ಟೆ ಸರಿಮಾಡಿದ.

ಇಂಥವರನ್ನು ಶುಭಕಾರ್ಯಗಳಲ್ಲಿ ಯಾರೂ ಪಕ್ಕಕ್ಕೆ ಕೂರಿಸಿಕೊಳ್ಳುವುದಿಲ್ಲ. ಅವರು ಮನೆ ಕಟ್ಟಿಸುವುದಿಲ್ಲ, ಗುಂಪು ಕಟ್ಟುವುದಿಲ್ಲ. ಹೊರಟ ಕೆಟ್ಟ ಮಾತಿಗೆ ಅಡ್ಡ ನಿಲ್ಲುತ್ತಾರೆ, ಅಷ್ಟೇ. ಅಂಥವರು ಕಮ್ಮಿಯಾದ ಊರಿನ ಹೊಟ್ಟೆಯೊಳಗೆ ಏನು ಬೆಳೆಯುತ್ತದೆಂದು ನಾನು ಬೇರೆ ಹೇಳಬೇಕಾಗಿಲ್ಲ.