ಗೆಟ್ಟೋಗೆ ಕನ್ನಡ ಪದ

‘ಯೆಹೂದ್ಯರು: ಒಂದು ಪುರಾತನ ಜನಾಂಗ. ಬಡ್ಡಿ ವ್ಯಾಪಾರದಲ್ಲಿ ನಿಪುಣರು; ಸ್ವಭಾವತಃ ಜಿಪುಣರು.’

ಮಕ್ಕಳ ಜ್ಞಾನಕೋಶದ ಹಳೆಯ ಮುದ್ರಣದಲ್ಲಿ ಇದ್ದದ್ದು ಇಷ್ಟೇ. ಸಾಗರದ ಮುದ್ರಣಾಲಯದವರು ೧೯೮೩ರಲ್ಲಿ ಅದನ್ನು ಮತ್ತೆ ಅಚ್ಚು ಹಾಕಲು ಹೊರಟಾಗ, ಚರಿತ್ರೆಯ ಲೇಖನಗಳನ್ನು ತಿದ್ದಿಕೊಡಿ ಎಂದು ತೀರ್ಥಹಳ್ಳಿಯ ಕಾಲೇಜಿನ ಅಧ್ಯಾಪಕಿ ವರದಾಳನ್ನು ಕೇಳಿದ್ದರು. ಅವಳು ಕೆಲಸವನ್ನು ಕೊನೆಯ ವರ್ಷದ ಬಿ.ಎ. ವಿದ್ಯಾರ್ಥಿಗಳಿಗೆ ಹಂಚಿದಳು. ಪರೀಕ್ಷೆಗೆಂದು ಓದಿದ್ದು ಮರೆತುಹೋಗುತ್ತದೆ, ತಿದ್ದುತ್ತ ಕಲಿತದ್ದು ಉಳಿಯುತ್ತದೆ ಎಂಬುದು ಅವಳ ನಂಬಿಕೆ. ತಿದ್ದಿದವರ ಹೆಸರು ಲೇಖನದ ಕೆಳಗೆ ಅಚ್ಚಾಗುತ್ತದೆ ಎಂದಾಗ ಹುಡುಗರಿಗೂ ಹುರುಪು ಬಂತು.

ಯೆಹೂದ್ಯರ ಲೇಖನ ಜಲಜಾ, ಗೋಪಾಲಪ್ಪ ಮತ್ತು ಮಾಸ್ತಮ್ಮನ ಪಾಲಿಗೆ ಬಂತು. ‘ಸ್ವಭಾವತಃ’ ಎಂಬ ಪದವನ್ನು ಮೊದಲು ಹೊಡೆದುಹಾಕಿದವಳು ಮಾಸ್ತಮ್ಮ. “ಜಮೀನು ಮಾಡಬಾರದು, ಕಸುಬು ಕಲೀಬಾರದು ಅಂತ ಎಲ್ಲಾ ಬಾಗಿಲು ಹಾಕಿ, ಉಳಿದ ಒಂದು ಬಾಗಿಲಲ್ಲಿ ಹೋದ್ರೆ ಸ್ವಭಾವ ಅಂತಾರಲ್ಲ ಮೇಡಂ” ಎಂದಿದ್ದಳು. ವರದಾ ಅದನ್ನು ಸ್ಟಾಫ್ ರೂಮಿನಲ್ಲಿ ಹೆಮ್ಮೆಯಿಂದ ಹೇಳಿಕೊಂಡಿದ್ದಳು.

ಕೊನೆಗೆ ವೆನಿಸ್ ನಗರದ ಸಂಗತಿ ಬಂತು. ಯೆಹೂದ್ಯರೆಲ್ಲ ಗೆಟ್ಟೋ ಎಂಬ ಒಂದೇ ಜಾಗದಲ್ಲಿ ಇರಬೇಕು. ಕತ್ತಲಾದ ಮೇಲೆ ಹೊರಗೆ ಬರುವಂತಿಲ್ಲ. ಬಾಗಿಲಿಗೆ ಕಾವಲು, ಆ ಕಾವಲಿನ ಸಂಬಳವನ್ನೂ ಅವರೇ ಕೊಡಬೇಕು.

“ಗೆಟ್ಟೋ ಅಂದ್ರೆ ಕನ್ನಡದಲ್ಲಿ ಎಂತ ಬರೆಯೋದು ಮೇಡಂ?” ಎಂದಳು ಜಲಜಾ.

“ಕೇರಿ” ಎಂದಳು ಮಾಸ್ತಮ್ಮ. ತಡವರಿಸಲಿಲ್ಲ.

ಊರಿನಲ್ಲಿ ಕೇರಿಗಳು ಹಲವು. ಆದರೆ ಹಿಂದೆ ಮುಂದೆ ಏನೂ ಸೇರಿಸದೆ ಕೇರಿ ಎಂದರೆ ಯಾವುದೆಂದು ಎಲ್ಲರಿಗೂ ಗೊತ್ತು. ಮಾಸ್ತಮ್ಮ ದಿನವೂ ಅಲ್ಲಿಂದಲೇ ಕಾಲೇಜಿಗೆ ಬರುತ್ತಿದ್ದಳು.

“ಅದು ಬೇಡ. ಬೇರೆ ಅರ್ಥ ಬರುತ್ತೆ” ಎಂದಳು ವರದಾ.

“ಎಂತ ಅರ್ಥ ಮೇಡಂ?”

ಕೆಣಕುವ ದನಿಯಲ್ಲ. ನಿಜವಾಗಿಯೂ ಕೇಳಿದಳು.

“ಅವರು ವಿದ್ಯಾವಂತ ಜನ ಕಣಮ್ಮ. ವೈದ್ಯರು, ರತ್ನದ ವ್ಯಾಪಾರಿಗಳು. ಅವರಿದ್ದ ಜಾಗಕ್ಕೆ ಕೇರಿ ಅಂದ್ರೆ ಓದೋ ಮಕ್ಕಳಿಗೆ ಅವರ ಬಗ್ಗೆ ಕೀಳು ಭಾವನೆ ಬರಲ್ವಾ?”

ಮಾತು ಬಾಯಿಂದ ಹೊರಟಾಗ ಅದು ವರದಾಳಿಗೆ ಸರಿಯಾಗಿಯೇ ಕೇಳಿಸಿತ್ತು. ಜಲಜಾ ತಲೆ ತಗ್ಗಿಸಿ ‘ಯೆಹೂದ್ಯರ ಬಡಾವಣೆ’ ಎಂದು ಬರೆದಳು.

“ಬಡಾವಣೆಯಾ!” ಗೋಪಾಲಪ್ಪ ನಕ್ಕ. “ಹಂಗಾದ್ರೆ ಪಾರ್ಕು, ನಲ್ಲಿ ನೀರು ಎಲ್ಲಾ ಇತ್ತು ಅನ್ನು. ನಮ್ಮಪ್ಪನಿಗೂ ಒಂದು ಸೈಟ್ ಹೇಳ್ಬಿಡೆ ಮಾರಾಯ್ತಿ!”

ಎಲ್ಲರೂ ನಕ್ಕರು. ಮಾಸ್ತಮ್ಮನೂ ನಕ್ಕಳು. ಆ ನಗು ಕಂಡಾಗಲೇ ವರದಾಳಿಗೆ ತಾನು ಏನು ಹೇಳಿದೆ ಎಂಬುದು ತಿಳಿದದ್ದು. ಗಂಟೆ ಹೊಡೆಯಿತು. ಆದರೂ ಪದ ತಿದ್ದದೆ ಹಾಳೆಗಳನ್ನು ತೆಗೆದುಕೊಂಡಳು, ಮರುದಿನ ಸಾಗರಕ್ಕೆ ಕಳಿಸಿಯೂ ಬಿಟ್ಟಳು.

ವಾರ ಕಳೆದ ಮೇಲೆ ಮಾಸ್ತಮ್ಮ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, “ಲೇಖನದಲ್ಲಿ ನನ್ನ ಹೆಸರು ಬೇಡ ಮೇಡಂ” ಎಂದು ಹೇಳಿ ಹೋದಳು. ಅಂದು ಸಂಜೆ ವರದಾ ಮನೆಗೆ ಬಂದಾಗ, ಮಾಸ್ತಮ್ಮನಿಗೆ ಓದಲು ಕೊಟ್ಟಿದ್ದ ಪುಸ್ತಕಗಳೆಲ್ಲ ಜಗುಲಿಯ ಅಂಚಿನಲ್ಲಿದ್ದವು.

“ಆ ಕಾಲೇಜು ಹುಡುಗಿ ಬಂದಿತ್ತು” ಎಂದರು ಅತ್ತೆ ದುಗ್ಗಮ್ಮ. “ಇಟ್ಟು ಹೋಯ್ತು. ನಾ ಒಳಗೆ ಬಾ ಅನ್ಲಿಲ್ಲ, ಅದೂ ಬರ್ಲಿಲ್ಲ. ಎಷ್ಟು ಓದಿದ್ರೂ ಮರ್ಯಾದೆ ಗೊತ್ತಿರೋ ಹುಡುಗಿ ನೋಡು.”

ಅತ್ತೆಯ ಮೇಲೆ ಸಿಟ್ಟು ಮಾಡಿಕೊಳ್ಳಲು ವರದಾ ಯತ್ನಿಸಿದಳು. ಆಗಲಿಲ್ಲ. ಎರಡು ವರ್ಷಗಳಿಂದ ಮಾಸ್ತಮ್ಮ ಪಾಠ ಕೇಳಲು ಈ ಮನೆಗೆ ಬರುತ್ತಿದ್ದಳು. ಜಲಜಾ ಒಬ್ಬಳೇ ಬಂದಾಗ ಅಡುಗೆಮನೆಯಲ್ಲಿ ಕೂತು ಕಾಫಿ ಕುಡಿದಿದ್ದಾಳೆ. ಮಾಸ್ತಮ್ಮ ಬಂದಾಗಲೆಲ್ಲ ವರದಾ ತಾನೇ ಚಾಪೆ ತಂದು ಹಾಸಿ, “ಇಲ್ಲೇ ಕೂರು, ಜಗುಲಿಯಲ್ಲೇ ಬೆಳಕು ಚೆನ್ನಾಗಿದೆ” ಅನ್ನುತ್ತಿದ್ದಳು. ಅತ್ತೆಗೆ ನೋವಾಗಬಾರದು, ಹುಡುಗಿಗೂ ನೋವಾಗಬಾರದು ಎಂದು ಹುಡುಕಿಕೊಂಡ ಮಾತು ಅದು. ಎಷ್ಟು ನಯವಾದ ಮಾತೆಂದರೆ, ಅದು ಸುಳ್ಳೆಂಬುದನ್ನು ಅವಳೇ ಮರೆತಿದ್ದಳು. ಈಗ ಪುಸ್ತಕಗಳನ್ನು ಎತ್ತಿಕೊಳ್ಳುವಾಗ ಅವಳ ಕಿವಿ ಬಿಸಿಯಾಯಿತು.

ಶನಿವಾರ ಅರ್ಧ ದಿನ ರಜೆ ಹಾಕಿ ಹೊಸನಗರದ ಮೇಲೆ ಹೋಗುವ ಬಸ್ಸು ಹತ್ತಿ ಸಾಗರಕ್ಕೆ ಹೋದಳು. ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ ಜಟ್ಟಿಂಗಪ್ಪ ಆ ಪುಟದ ಕರಡು ತೋರಿಸಿದ.

“‘ಬಡಾವಣೆ’ ತೆಗೆದು ‘ಕೇರಿ’ ಅಂತ ಹಾಕಿ.”

“ಕೇರಿಯಾ?” ಜಟ್ಟಿಂಗಪ್ಪ ಕನ್ನಡಕ ಮೇಲೆ ಸರಿಸಿದ. “ಚೆನ್ನಾಗಿರಲ್ಲ ಮೇಡಂ. ಮಕ್ಕಳು ಓದೋ ಪುಸ್ತಕ. ಬೇರೆ ಅರ್ಥ ಬರುತ್ತೆ.”

ತನ್ನದೇ ಮಾತು. ಮುಖಕ್ಕೆ ಯಾರೋ ಕನ್ನಡಿ ಹಿಡಿದಂತಾಯಿತು.

“ಎಂತ ಅರ್ಥ?” ಎಂದಳು.

ಅವನು ಚಿಮಟ ತೆಗೆದುಕೊಂಡು ‘ಬಡಾವಣೆ’ಯ ಮೊಳೆಗಳನ್ನು ಒಂದೊಂದಾಗಿ ಕೀಳುತ್ತ, “ಪದ ಚಿಕ್ಕದು, ಸಾಲು ಸಡಿಲ ಆಗ್ತದೆ, ಅಷ್ಟೇಯ” ಎಂದು ಗೊಣಗಿದ.

“ಆಗಲಿ.”

“ಹೆಸರು? ಇಬ್ಬರದೇ ಇದೆ. ಮೂರನೇದು ಬೇಡ ಅಂತ ನೀವೇ ಹೇಳಿ ಕಳಿಸಿದ್ರಿ.”

ಹಾಕಿ ಎಂದುಬಿಡಬಹುದಿತ್ತು. ಆದರೆ ಆ ಹೆಸರು ತನ್ನದಲ್ಲ. “ಕೇಳಿ ಹೇಳ್ತೀನಿ” ಎಂದು ಹೊಸ ಕರಡನ್ನು ಚೀಲಕ್ಕೆ ಹಾಕಿಕೊಂಡಳು.

ಭಾನುವಾರ ಬೆಳಿಗ್ಗೆ ಮಾಸ್ತಮ್ಮನ ತಂದೆ ಬೆಳ್ಳಪ್ಪನ ಮನೆ ಯಾವುದೆಂದು ಕೇಳುತ್ತ ಹೋದಳು. ಮದುವೆಯಾಗಿ ತೀರ್ಥಹಳ್ಳಿಗೆ ಬಂದಂದಿನಿಂದ ಕೇರಿಯ ತಿರುವನ್ನು ದಾಟಿರಲಿಲ್ಲ. ವೆನಿಸ್ಸಿನ ಬಾಗಿಲುಗಳ ಬಗ್ಗೆ ಅಷ್ಟು ಹೇಳಬಲ್ಲವಳಿಗೆ, ತನ್ನ ಮನೆಯಿಂದ ನಡೆದು ಮುಟ್ಟಬಹುದಾದ ಈ ದಾರಿ ತಿಳಿದಿರಲಿಲ್ಲ.

ಮಾಸ್ತಮ್ಮನ ತಾಯಿ ಮೂಕಮ್ಮ ಗಾಬರಿಯಾಗಿ ಎದ್ದಳು. “ಅಯ್ಯೋ, ಅಮ್ಮೋರು! ನಮ್ಮ ಹುಡುಗಿ ಏನಾದ್ರೂ ತಪ್ಪು ಮಾಡಿತಾ?”

“ಅವಳಲ್ಲ” ಎಂದಳು ವರದಾ.

ಒಳಗಿನಿಂದ ಬಂದ ಮಾಸ್ತಮ್ಮ ಚಾಪೆ ತಂದು ಜಗುಲಿಯ ಮೇಲೆ ಹಾಸಿದಳು. “ಇಲ್ಲೇ ಕೂತ್ಕಳಿ ಮೇಡಂ. ಇಲ್ಲೇ ಬೆಳಕು ಚೆನ್ನಾಗಿದೆ.”

ವರದಾ ಕೂತಳು. ಅವಳ ಮುಖ ನೋಡುವ ಧೈರ್ಯವಾಗಲಿಲ್ಲ. ಕರಡನ್ನು ತೆಗೆದು ಕೊಟ್ಟಳು. ಮಾಸ್ತಮ್ಮ ನಿಂತೇ ಓದಿದಳು. ಆ ಸಾಲು ಬಂದಾಗ ಅವಳ ಬೆರಳು ನಿಂತಿತು.

“ನಾನು ಅಂದಿದ್ದು ತಪ್ಪು” ಎಂದಳು ವರದಾ. “ನಿನ್ನ ಹೆಸರು ಹಾಕಿಸಲಾ?”

“ಬೇಡ ಮೇಡಂ.”

“ಇನ್ನೂ ಬೇಜಾರಾ?”

“ಬೇಜಾರು ಹೌದು. ಅದಕ್ಕಲ್ಲ.” ಮಾಸ್ತಮ್ಮ ಹಾಳೆಯನ್ನು ಮಡಿಸದೆ ವಾಪಸು ಕೊಟ್ಟಳು. “ನನ್ನ ಹೆಸರಿದ್ರೆ, ಕೇರಿ ಹುಡುಗಿ ಬರೆದಿದ್ದಕ್ಕೆ ಕೇರಿ ಅಂತ ಬಂದಿದೆ ಅಂತಾರೆ. ಮುಂದಿನ ಸಲ ತೆಗೆದೂ ಬಿಡ್ತಾರೆ. ನಿಮ್ಮ ಹೆಸರು ಹಾಕಿ. ಆಗ ಅದು ಪದ ಅಂತಾದ್ರೂ ಉಳೀತದೆ.”

ಕ್ಷಮಿಸಿದೆ ಎನ್ನಲಿಲ್ಲ. ಅದನ್ನು ಕೇಳಲೆಂದೇ ತಾನು ಬಂದದ್ದು ಎಂಬುದು ವರದಾಳಿಗೆ ಆಗ ಹೊಳೆಯಿತು; ಅವಳು ಇನ್ನಷ್ಟು ಕುಗ್ಗಿದಳು. ಬಾಯಿ ಒಣಗಿತ್ತು. ನೀರು ಕೇಳಬೇಕೆನಿಸಿತು, ಕೇಳಿದರೆ ಅದನ್ನೂ ತನ್ನ ದೊಡ್ಡತನದ ಲೆಕ್ಕಕ್ಕೆ ಬರೆದುಕೊಳ್ಳುತ್ತೇನೇನೋ ಎಂದು ಸುಮ್ಮನಾದಳು. ಮೂಕಮ್ಮನೂ ಕೊಡಲೋ ಬೇಡವೋ ಎಂದು ಸೆರಗು ಹಿಂಡುತ್ತ ಬಾಗಿಲಲ್ಲೇ ನಿಂತಿದ್ದಳು.

ವರದಾ ಪೆನ್ನು ತೆಗೆದು, ಹಾಳೆಯನ್ನು ಮಂಡಿಯ ಮೇಲಿಟ್ಟುಕೊಂಡು, ಲೇಖನದ ಕೆಳಗೆ ತನ್ನ ಹೆಸರು ಬರೆದಳು. ಹಾಳೆ ಜಾರಿ ಅಕ್ಷರ ಸೊಟ್ಟಗಾಯಿತು. ಅದು ಎಷ್ಟು ಸೊಟ್ಟಗಿದೆಯೆಂದು ಚೆನ್ನಾಗಿಯೇ ಕಾಣುತ್ತಿತ್ತು. ಆ ಜಗುಲಿಯಲ್ಲಿ ಬೆಳಕಿಗೆ ನಿಜಕ್ಕೂ ಕೊರತೆಯಿರಲಿಲ್ಲ.