ಮೇಷ್ಟ್ರು ತಟ್ಟುವ ಕಾರು

ಬೆಳಿಗ್ಗೆ ಅವಸರದಲ್ಲಿ ಹೊರಟಿರುತ್ತೀರಿ. ಕಾರಿನ ಕೀ ತಿರುಗಿಸುತ್ತೀರಿ. ಎಂಜಿನ್ ಏಳುವುದೇ ಇಲ್ಲ. ಇಂಥ ಬೆಳಗು ನಿಮ್ಮ ಮನೆಯಲ್ಲೂ ಆಗಿರಬಹುದು. ಆಗ ನೀವು ಕಾರಿಗೆ ನಾಲ್ಕು ಬೈದು ಮೆಕ್ಯಾನಿಕ್‌ಗೆ ಫೋನ್ ಮಾಡಿರುತ್ತೀರಿ. ನಾವು ಹಾಗೆ ಮಾಡಲಿಲ್ಲ. ಕಾರಿನ ಮಾತು ಕೇಳಿಕೊಂಡು ಮನೆಯೊಳಗೆ ಬಂದು ಕೂತೆವು. ಒಂದು ದಿನವಲ್ಲ, ಹತ್ತಿರ ಹತ್ತಿರ ಒಂದು ವರ್ಷ.

ನನ್ನದೊಂದು ಝೆರಾಕ್ಸ್ ಅಂಗಡಿ. ದಿನವಿಡೀ ಕಾಗದದ ನಡುವೆ ಇರುವವಳು, ನಾಲ್ಕಕ್ಷರ ಬಲ್ಲವಳು. ಆದರೂ ಮೋಸಹೋದೆ. ನಾಚಿಕೆ ಬದಿಗಿಟ್ಟು ಹೇಳುತ್ತೇನೆ, ಕೇಳಿ.

ನಮ್ಮ ಮಾವ ಡ್ರೈವಿಂಗ್ ಸ್ಕೂಲ್ ನಡೆಸುತ್ತಿದ್ದರು. ಊರಿಗೆಲ್ಲ ಅವರು ಮೇಷ್ಟ್ರು. ಕಲಿಯಲು ಬಂದವರನ್ನು ಸ್ಟೇರಿಂಗ್ ಮುಂದೆ ಕೂರಿಸಿ, ತಾವು ಪಕ್ಕದ ಸೀಟಿನಲ್ಲಿ ಕೂರುತ್ತಿದ್ದರು. ಅಲ್ಲಿ ಅವರ ಕಾಲ ಬಳಿ ಇನ್ನೊಂದು ಬ್ರೇಕು ಇತ್ತು. ಮಾತು ಬಹಳ ಕಡಿಮೆ. ಯಾರಾದರೂ ತಪ್ಪು ಮಾಡಿದರೆ ಬೆರಳಿನ ಉಂಗುರದಿಂದ ಡ್ಯಾಶ್‌ಬೋರ್ಡ್ ಮೇಲೆ ಟಕಟಕಟಕ ಎಂದು ತಟ್ಟುತ್ತಿದ್ದರು. ತಟ್ಟಿದರೆಂದರೆ ‘ನಿಲ್ಲಿಸು’ ಎಂದರ್ಥ. ಊರಿನಲ್ಲಿ ಕಾರು ಓಡಿಸುವ ಅರ್ಧ ಜನಕ್ಕೆ ಆ ಸದ್ದು ಗೊತ್ತು. ನನಗೂ ಅವರೇ ಕಲಿಸಿದ್ದು, ಎಷ್ಟು ಸಲ ತಟ್ಟಿಸಿಕೊಂಡಿದ್ದೇನೋ ಲೆಕ್ಕವಿಲ್ಲ.

ಎರಡು ವರ್ಷದ ಹಿಂದೆ ಒಂದು ಮಧ್ಯಾಹ್ನ, ಸರಿಯಾಗಿ ಹನ್ನೆರಡು ಗಂಟೆಗೆ ಮಾವ ತೀರಿಕೊಂಡರು. ಸ್ಕೂಲ್ ಮುಚ್ಚಿತು. ಕಾರು ಮನೆ ಮುಂದೆ ಉಳಿಯಿತು.

ಅದಾಗಿ ಒಂದು ವರ್ಷ ಕಳೆದಿರಬೇಕು. ಅತ್ತೆಯ ತಂಗಿಯನ್ನು ನೋಡಲು ಹೊರಟೆವು. ನಾನು ಕೀ ತಿರುಗಿಸಿದೆ. ಎಂಜಿನ್ ಏಳಲಿಲ್ಲ. ಕಾರಿನ ಒಳಗೆಲ್ಲಿಂದಲೋ ಸದ್ದು ಬಂತು.

ಟಕಟಕಟಕಟಕ.

ಡ್ಯಾಶ್‌ಬೋರ್ಡಿನ ದೀಪಗಳು ಹತ್ತಿ ಆರಿ, ಹತ್ತಿ ಆರಿ ನಡುಗಿದವು. ಕೀ ಬಿಟ್ಟೆ. ಗಡಿಯಾರ ಮಾತ್ರ ಉರಿಯುತ್ತಿತ್ತು. ಬೆಳಿಗ್ಗೆ ಎಂಟು ಗಂಟೆಗೆ ಅದು ಹನ್ನೆರಡು ತೋರಿಸುತ್ತಿತ್ತು.

ಅತ್ತೆ ನನ್ನ ಮೊಣಕೈ ಹಿಡಿದುಕೊಂಡರು. “ಇಳಿಯೇ. ಅವ್ರು ಬೇಡ ಅಂತಿದ್ದಾರೆ.”

ಇಳಿದೆವು. ಅವತ್ತು ಸಂಜೆ ಸುದ್ದಿ ಬಂತು, ನಾವು ಹೋಗಬೇಕಿದ್ದ ರಸ್ತೆಯಲ್ಲೇ ಬಸ್ಸೊಂದು ಮಗುಚಿತ್ತು. ಇನ್ನೇನು ಬೇಕು? ಮೇಷ್ಟ್ರು ಕಾರಿನಲ್ಲಿದ್ದಾರೆ ಎಂದು ಬೀದಿಗೆ ಬೀದಿಯೇ ನಂಬಿತು.

ಆಮೇಲೆ ಹಾರ್ನ್ ಶುರುವಾಯಿತು. ಚಳಿ ಬಿದ್ದ ದಿನ ಬೆಳಗಿನ ಐದೂವರೆಗೆ, ಹತ್ತಿರ ನರಪಿಳ್ಳೆಯೂ ಇಲ್ಲದಾಗ, ಕಾರು ತಾನೇ ತಾನಾಗಿ ಕೂಗುತ್ತಿತ್ತು. ಮಾವ ದಿನದ ಮೊದಲ ಪಾಠಕ್ಕೆ ಹೊರಡುತ್ತಿದ್ದ ಹೊತ್ತು ಅದು. ಅತ್ತೆ ಎದ್ದು ಕಿಟಕಿ ತೆರೆದು, “ಬಂದೆ, ಇರಿ” ಎನ್ನುತ್ತಿದ್ದರು. ನಾನು ಹಾಸಿಗೆಯಲ್ಲಿ ಹೊದಿಕೆಯನ್ನು ತಲೆಯವರೆಗೆ ಎಳೆದುಕೊಳ್ಳುತ್ತಿದ್ದೆ. ಕಾರಿನ ಬಾಗಿಲು ತೆಗೆದರೆ ಒಳಗಿನ ದೀಪ ಹತ್ತುತ್ತಿತ್ತು, ನೋಡನೋಡುತ್ತ ಮಂಕಾಗುತ್ತಿತ್ತು. ಕೆಲವು ದಿನ ಕೀ ತಿರುಗಿಸಿದರೆ ಕಾರು ತಕರಾರಿಲ್ಲದೆ ಸ್ಟಾರ್ಟ್ ಆಗುತ್ತಿತ್ತು. ಆಗ ಒಬ್ಬಳೇ ಓಡಿಸುವಾಗ ನಾನು ಪಕ್ಕದ ಸೀಟಿನ ಮೇಲೆ ಚೀಲ ಇಡುತ್ತಿರಲಿಲ್ಲ. ಆ ಕಡೆ ತಿರುಗಿ ನೋಡುತ್ತಲೂ ಇರಲಿಲ್ಲ.

ನಮ್ಮ ಬೀದಿಯವರಂತೂ ಒಂದು ಕೈ ಮೇಲೆ. ದೂರ ಹೊರಟವರು ಗೇಟಿನ ಬಳಿ ನಿಂತು, “ಮೇಷ್ಟ್ರು ಇವತ್ತು ಏನಂದ್ರು?” ಎಂದು ಕೇಳುತ್ತಿದ್ದರು. ಎದುರು ಮನೆಯ ದರ್ಜಿ ಹೆಂಗಸು ನಾನು ಕೀ ತಿರುಗಿಸುವವರೆಗೂ ಬಸ್ಸಿಗೆ ಹೋಗುತ್ತಿರಲಿಲ್ಲ. ಮೇಷ್ಟ್ರು ಬದುಕಿದ್ದಾಗ ಯಾರೂ ಅವರ ಮಾತನ್ನು ಇಷ್ಟು ಕೇಳಿರಲಿಲ್ಲ.

ನನ್ನ ಗಂಡ ಬೇಕರಿಯಲ್ಲಿ ಕೆಲಸ ಮಾಡುತ್ತಾರೆ. ಒಂದು ದಿನ ಧೈರ್ಯ ಮಾಡಿ, “ಅಮ್ಮಾ, ಒಂದ್ಸಲ ಬ್ಯಾಟರಿ ತೋರಿಸೋಣ” ಎಂದರು.

“ಅದು ನಿಮ್ಮಪ್ಪ ಕೈಯಾರೆ ಬಿಗಿಸಿದ್ದು” ಎಂದರು ಅತ್ತೆ. “ನಾನಿರೋವರೆಗೂ ಆ ಬಾನೆಟ್ ಎತ್ತಬೇಡ.”

ಗಂಡ ಬೇಕರಿಗೆ ಹೊರಟರು. ನಾನು ಅಂಗಡಿಗೆ ಹೊರಟೆ.

ಹೀಗೇ ನಡೆಯುತ್ತಿರುವಾಗ ಒಂದು ಬೆಳಿಗ್ಗೆ, ಹತ್ತು ಗಂಟೆ ಸುಮಾರಿಗೆ, ಅತ್ತೆ ಅಡುಗೆಮನೆಯ ಕಟ್ಟೆ ಹಿಡಿದು ನಿಂತುಬಿಟ್ಟರು. ಎದೆಯ ಮೇಲೆ ಯಾರೋ ಕೂತ ಹಾಗಿದೆ ಎಂದರು. ದವಡೆ ನೋವು. ಹಣೆಯಲ್ಲಿ ತಣ್ಣನೆ ಬೆವರು. ಗಂಡ ಕೆಲಸಕ್ಕೆ ಹೋಗಿದ್ದರು. ನಾನು ಅತ್ತೆಯನ್ನು ಹೇಗೋ ನಡೆಸಿಕೊಂಡು ಬಂದು ಕಾರಿನ ಪಕ್ಕದ ಸೀಟಿನಲ್ಲಿ ಕೂರಿಸಿ ಕೀ ತಿರುಗಿಸಿದೆ.

ಟಕಟಕಟಕಟಕ.

ಮತ್ತೆ ತಿರುಗಿಸಿದೆ. ಟಕಟಕ. ದೀಪಗಳು ನಡುಗಿದವು. ಹಾರ್ನ್ ತಾನಾಗಿ ಕೂಗಲು ಶುರುಮಾಡಿತು. ಗಡಿಯಾರದಲ್ಲಿ ಹನ್ನೆರಡು.

ಅತ್ತೆ ಸೀಟಿಗೆ ತಲೆಯಾನಿಸಿ ಕಣ್ಣು ಮುಚ್ಚಿದರು. ಅವರ ಮುಖದಲ್ಲಿ ನಗು ಇತ್ತು. ಆ ನಗು ನೋಡಿ ನನಗಾದ ಭಯ ನನ್ನ ಜನ್ಮದಲ್ಲಿ ಯಾವತ್ತೂ ಆಗಿಲ್ಲ.

“ಕರೀತಿದ್ದಾರೆ ಕಣೇ” ಎಂದರು. “ಇವತ್ತು ನನ್ನೇ ಕರೀತಿದ್ದಾರೆ. ಬಿಡು, ನಾನು ಹೋಗ್ತೀನಿ.”

ನಾನು ಕೀಯಿಂದ ಕೈ ತೆಗೆದೆ. ಇದನ್ನು ಹೇಳಲೇಬೇಕು. ಫೋನ್ ಸೊಂಟದಲ್ಲೇ ಇತ್ತು. ಆಂಬ್ಯುಲೆನ್ಸ್ ನಂಬರ್ ಬಾಯಿಪಾಠ ಇತ್ತು. ಆದರೂ ಕೈ ಏಳಲಿಲ್ಲ. ಮಾವನೇ ಬಂದು ನಿಂತಿದ್ದಾರೆ, ನಡುವೆ ಹೋಗಲು ನಾನ್ಯಾರು ಎನಿಸಿತು. ಅತ್ತೆಯ ಕೈ ಹಿಡಿದು ಆ ಸದ್ದು ಕೇಳುತ್ತ ಸುಮ್ಮನೆ ಕೂತೆ.

ಪಕ್ಕದ ಮನೆಯ ಔಷಧಿ ಅಂಗಡಿಯವರು ಹಾರ್ನ್ ಸದ್ದಿಗೆ ರೇಗಿ ಬೈಯಲೆಂದು ಬಂದರು. ಅವರಿಗೂ ನಮ್ಮ ಮಾವನಿಗೂ ಕಾರು ನಿಲ್ಲಿಸುವ ಜಾಗಕ್ಕೆ ಜಗಳವಾಗಿ ಹದಿಮೂರು ವರ್ಷ ಮಾತಿರಲಿಲ್ಲ. ಕಿಟಕಿಯಲ್ಲಿ ಬಗ್ಗಿ ಅತ್ತೆಯ ಮುಖ ನೋಡಿದ್ದೇ ಬೈಗುಳ ಅಲ್ಲೇ ನಿಂತಿತು. “ಏನಮ್ಮಾ ಮಾಡ್ತಾ ಕೂತಿದೀಯ? ಬುದ್ಧಿ ಇದೆಯಾ ನಿಂಗೆ?” ಎಂದು ನನ್ನ ಮೇಲೆ ಕೂಗಾಡಿ ಅವರೇ ಆಂಬ್ಯುಲೆನ್ಸ್‌ಗೆ ಫೋನ್ ಮಾಡಿದರು. ಅವರ ಕಾರನ್ನು ಅವತ್ತು ಮಗ ತೆಗೆದುಕೊಂಡು ಹೋಗಿದ್ದ.

ಆಂಬ್ಯುಲೆನ್ಸ್ ಓಡಿಸಿಕೊಂಡು ಬಂದವಳು ಗಟ್ಟಿಮುಟ್ಟಾದ ಒಬ್ಬ ಹೆಂಗಸು. ಅವಳೂ ನಮ್ಮ ಮೇಷ್ಟ್ರ ಶಿಷ್ಯೆಯೇ. ಅತ್ತೆಯನ್ನು ಒಳಗೆ ಮಲಗಿಸಿ ಬಾಗಿಲು ಹಾಕುವಾಗ ಕೂಗುತ್ತಿದ್ದ ಕಾರಿನ ಕಡೆ ಒಮ್ಮೆ ತಿರುಗಿ ನೋಡಿದಳು.

“ಮೇಷ್ಟ್ರು...” ಎಂದೆ ನಾನು.

“ಮೇಷ್ಟ್ರೂ ಇಲ್ಲ, ಮಣ್ಣೂ ಇಲ್ಲ. ಬ್ಯಾಟರಿ ಸತ್ತಿದೆ. ಹತ್ತಿ ಅಕ್ಕ, ಬೇಗ!”

ಅತ್ತೆ ಉಳಿದರು. ಡಾಕ್ಟರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. ನೋವು ಶುರುವಾಗಿ ಎಷ್ಟು ಹೊತ್ತಾಗಿತ್ತು? ನಾನು ಹೇಳಿದೆ. ಅದರಲ್ಲಿ ಇಪ್ಪತ್ತು ನಿಮಿಷ ಕಾರಿನಲ್ಲಿ ಕೂತು ಟಕಟಕ ಕೇಳುತ್ತಿದ್ದೆವು ಎಂದು ಮಾತ್ರ ಹೇಳಲಾಗಲಿಲ್ಲ.

ಮೂರು ವಾರದ ನಂತರ, ತನ್ನ ರಜೆಯ ದಿನ, ಆ ಆಂಬ್ಯುಲೆನ್ಸ್ ಹೆಂಗಸು ನಮ್ಮ ಮನೆಗೆ ಬಂದಳು. ಕೈಯಲ್ಲಿ ಒಂದು ಸಣ್ಣ ಮೀಟರ್, ಆಟೋದಲ್ಲಿ ಒಂದು ಹೊಸ ಬ್ಯಾಟರಿ. ಅತ್ತೆ ಬಾಗಿಲಿಗೆ ಅಡ್ಡ ನಿಂತರು.

“ಅವರನ್ನ ಮನೆಯಿಂದ ಆಚೆ ಹಾಕೋಕೆ ಬಂದ್ಯಾ?”

“ಇಲ್ಲಮ್ಮ. ಮೇಷ್ಟ್ರು ನಂಗೆ ಅನ್ನದ ದಾರಿ ತೋರಿಸ್ದೋರು. ಬರೀ ನೋಡ್ತೀನಿ. ನೀವು ಬೇಡ ಅಂದ್ರೆ ವಾಪಸ್ ಹೋಗ್ತೀನಿ.”

ಅತ್ತೆ ಬಾಗಿಲಿಂದ ಪಕ್ಕಕ್ಕೆ ಸರಿದರು. ಗಂಡ ಎರಡು ವರ್ಷದ ನಂತರ ಬಾನೆಟ್ ಎತ್ತಿದರು. ಬ್ಯಾಟರಿಯ ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕೂತಿತ್ತು. ಪಕ್ಕದ ಗೋಡೆ ಉಬ್ಬಿತ್ತು. ಅದರ ತಲೆಯ ಮೇಲೆ ಮಾವನ ಅಕ್ಷರದಲ್ಲಿ, ಮಾರ್ಕರ್ ಪೆನ್ನಿನಲ್ಲಿ ಒಂದು ತಾರೀಖು. ಅತ್ತೆ ಅದನ್ನು ಬೆರಳಿನಿಂದ ಸವರಿದರು.

“ಇದು ಯಾಕೆ ಬರೆದಿದ್ರು ಗೊತ್ತಾ ಅಮ್ಮ?” ಎಂದಳು ಅವಳು. “ಪಾಠದಲ್ಲಿ ಎಲ್ಲರಿಗೂ ಹೇಳೋರು. ಹಾಕಿದ ದಿನ ಬರೆದಿಡಿ, ಮೂರು ವರ್ಷ ಆದ್ಮೇಲೆ ಆರು ತಿಂಗಳಿಗೊಂದ್ಸಲ ಚೆಕ್ ಮಾಡಿಸಿ ಅಂತ. ಬ್ಯಾಟರಿ ಬಾಳೋದು ಮೂರರಿಂದ ಐದು ವರ್ಷ. ಬಿಸಿಲು ಜಾಸ್ತಿ ಇದ್ರೆ, ಕಾರು ನಿಂತಲ್ಲೇ ನಿಂತ್ರೆ, ಇನ್ನೂ ಕಮ್ಮಿ. ಇದಕ್ಕೆ ಐದೂವರೆ ಆಗೋಗಿದೆ.”

ಮೀಟರಿನ ಎರಡು ಕಡ್ಡಿಗಳನ್ನು ಟರ್ಮಿನಲ್‌ಗೆ ಇಟ್ಟಳು. “ರಾತ್ರಿಯೆಲ್ಲ ನಿಂತ ಕಾರಲ್ಲಿ ಹನ್ನೆರಡೂವರೆ ವೋಲ್ಟ್ ಇರಬೇಕು. ಇಲ್ಲಿ ಹನ್ನೊಂದು ಮುಕ್ಕಾಲು. ಕೀ ತಿರುಗಿಸಿ ಅಕ್ಕ.” ತಿರುಗಿಸಿದೆ. ಟಕಟಕಟಕ. “ನೋಡಿ, ಏಳಕ್ಕೆ ಬಿತ್ತು. ಎಂಜಿನ್ ಎಬ್ಬಿಸೋಕೆ ಒಳಗೊಂದು ಸ್ವಿಚ್ ಇರುತ್ತೆ. ಅದು ಹಿಡಿಯುತ್ತೆ, ಶಕ್ತಿ ಸಾಲದೆ ಬಿಡುತ್ತೆ, ಮತ್ತೆ ಹಿಡಿಯುತ್ತೆ. ಅದೇ ಈ ಸದ್ದು. ಕರೆಂಟ್ ಅಷ್ಟು ಬಿದ್ದಾಗ ಗಡಿಯಾರಕ್ಕೆ ಹೊತ್ತು ಮರೆತೋಗಿ ಹನ್ನೆರಡಕ್ಕೆ ಬಂದು ನಿಲ್ಲುತ್ತೆ. ಚಳಿಗೆ ಹಳೇ ಬ್ಯಾಟರಿ ಇನ್ನೂ ಸೊರಗುತ್ತೆ. ಆಗ ಕಳ್ಳರ ಅಲಾರಂಗೆ ಯಾರೋ ವೈರ್ ಕಿತ್ತರು ಅನ್ಸುತ್ತೆ, ಕೂಗಿಕೊಳ್ಳುತ್ತೆ.”

“ಮತ್ತೆ ಆ ಬಸ್ಸು?” ಎಂದರು ಅತ್ತೆ. “ಅವತ್ತು ಹೋಗಿದ್ರೆ?”

“ಅದಾದ್ಮೇಲೆ ಎಷ್ಟು ದಿನ ತಟ್ಟಿದೆ? ಅಷ್ಟೂ ದಿನ ಬಸ್ಸು ಬಿತ್ತಾ?”

ಅತ್ತೆಯದು ಒಪ್ಪಿದ ಮುಖವಲ್ಲ. “ಅವರು ಇರೋದು ಆ ಬ್ಯಾಟರಿಯಲ್ಲೇ ಇರಬಹುದು” ಎಂದರು.

ಅವಳು ಔಷಧಿ ಅಂಗಡಿಯವರ ಮನೆಗೆ ಹೋಗಿ ಏನೋ ಮಾತಾಡಿ ಬಂದಳು. ಅವರ ಕಾರು ನಮ್ಮ ಗೇಟಿನ ಮುಂದೆ ಬಂದು ನಿಂತಿತು. ಅದರ ಬ್ಯಾಟರಿ ಬಿಚ್ಚಿ, ನಮ್ಮ ಹಳೆಯದನ್ನು ಅದಕ್ಕೆ ಕೂರಿಸಿದಳು. ಅಂಗಡಿಯವರು ಅಳುಕುತ್ತಲೇ ಕೀ ತಿರುಗಿಸಿದರು.

ಟಕಟಕಟಕಟಕ. ದೀಪಗಳು ನಡುಗಿದವು. ಅವರ ಗಡಿಯಾರವೂ ಹನ್ನೆರಡಕ್ಕೆ ಬಂತು.

ಗೇಟಿನ ಬಳಿ ಬೀದಿಯವರೆಲ್ಲ ಸೇರಿದ್ದರು. ದರ್ಜಿ ಹೆಂಗಸು ಎರಡು ಹೆಜ್ಜೆ ಹಿಂದೆ ಸರಿದಳು. ಅತ್ತೆ ಅಂಗಡಿಯವರ ಕಾರನ್ನೂ ಅಂಗಡಿಯವರನ್ನೂ ದಿಟ್ಟಿಸಿ ನೋಡಿದರು. ಬಹಳ ಹೊತ್ತು ನೋಡಿದರು.

“ಇಲ್ಲ” ಎಂದರು ಕೊನೆಗೆ. “ಈ ಮನುಷ್ಯನ ಕಾರಲ್ಲಿ ಅವ್ರು ಸತ್ತರೂ ಕೂರಲ್ಲ.”

ಯಾರೋ ಕಿಸಕ್ಕನೆ ನಕ್ಕರು. ಅಂಗಡಿಯವರೂ ನಕ್ಕರು. ಅತ್ತೆ ನಗಲಿಲ್ಲ. “ತೆಗೆದುಬಿಡಮ್ಮ” ಎಂದರು.

ಅಂಗಡಿಯವರ ಕಾರಿಗೆ ಅವರದೇ ಬ್ಯಾಟರಿ, ನಮ್ಮ ಕಾರಿಗೆ ಹೊಸದು ಕೂತಿತು. ನಾನು ನಮ್ಮ ಕಾರಿನ ಕೀ ತಿರುಗಿಸಿದೆ. ಒಂದೇ ಸಲಕ್ಕೆ ಎಂಜಿನ್ ಎದ್ದಿತು. ತಟ್ಟುವ ಸದ್ದಿಲ್ಲ. ಅತ್ತೆ ಮಾವನ ಸೀಟಿನಲ್ಲಿ ಕೂತು ಡ್ಯಾಶ್‌ಬೋರ್ಡ್ ಮೇಲೆ ಅಂಗೈ ಇಟ್ಟರು. ಕಿವಿಗೊಟ್ಟು ಕೇಳಿದರು. ಎಂಜಿನ್ ಬಿಟ್ಟರೆ ಇನ್ನೇನೂ ಇರಲಿಲ್ಲ.

“ಹೋದರು” ಎಂದರು.

ಮಾವ ತೀರಿಕೊಂಡ ದಿನವೂ ಅತ್ತೆ ಅತ್ತಿರಲಿಲ್ಲ. ಈಗ ಅತ್ತರು. ಬೀದಿಯ ಜನ ಒಬ್ಬೊಬ್ಬರಾಗಿ ತಮ್ಮ ಪಾಡಿಗೆ ತಾವು ಹೊರಟುಹೋದರು. ನಾನು ಎಂಜಿನ್ ಆರಿಸದೆ ಪಕ್ಕದಲ್ಲೇ ಕೂತೆ. ಕೊನೆಗೆ ಸೆರಗಿನಿಂದ ಮುಖ ಒರೆಸಿಕೊಂಡು ಅತ್ತೆ ಹೇಳಿದರು, “ಇವತ್ತು ಡಾಕ್ಟ್ರು ಬಾ ಅಂದಿದ್ರಲ್ವಾ? ನಡಿ, ಹೊತ್ತಾಗುತ್ತೆ.”

ಹೋದೆವು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಈ ಕರಪತ್ರ ತೆಗೆದದ್ದು ನನ್ನ ಅಂಗಡಿಯ ಮಷೀನಿನಲ್ಲೇ. ದಯವಿಟ್ಟು ಹೀಗೆ ಮಾಡಿ. ನಿಮ್ಮ ಕಾರಿನ ಬ್ಯಾಟರಿ ಯಾವತ್ತು ಹಾಕಿಸಿದ್ದು ಎಂದು ನೋಡಿ, ಗೊತ್ತಿಲ್ಲದಿದ್ದರೆ ಬ್ಯಾಟರಿ ಅಂಗಡಿಯಲ್ಲಿ ಕೇಳಿ. ಮೂರು ವರ್ಷ ದಾಟಿದ್ದರೆ ಆರು ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸಿ. ಎಂಜಿನ್ ಏಳಲು ತಿಣುಕಿದರೆ, ದೀಪ ಮಂಕಾದರೆ, ಗಡಿಯಾರ ಹೊತ್ತು ಮರೆತರೆ, ಬ್ಯಾಟರಿ ಉಬ್ಬಿದರೆ ಅಥವಾ ಕೊಳೆತ ಮೊಟ್ಟೆಯ ವಾಸನೆ ಬಂದರೆ ನಾಳೆ ಎನ್ನಬೇಡಿ. ಕಾರು ಓಡಿಸುವುದೇ ಅಪರೂಪವೇ? ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ಓಡಿಸಿ. ಬ್ಯಾಟರಿಯ ಬಳಿ ಬೆಂಕಿ, ಬೀಡಿ ತರಬೇಡಿ. ಅದನ್ನು ನೀವೇ ಬಿಚ್ಚಿ ನಮ್ಮ ಹಾಗೆ ಆ ಕಾರಿಗೆ ಈ ಕಾರಿಗೆ ಕೂರಿಸಲು ಹೋಗಬೇಡಿ, ಅದು ತಿಳಿದವರ ಕೆಲಸ. ಒಳಗೆ ಸೀಸವೂ ಆಸಿಡ್ಡೂ ಇರುತ್ತದೆ, ಹಳೆಯದನ್ನು ಕಸಕ್ಕೆ ಎಸೆಯದೆ ಅಂಗಡಿಗೇ ವಾಪಸ್ ಕೊಡಿ. ಇನ್ನೊಂದು ಮಾತು. ಎದೆನೋವಿನವರನ್ನು ಕಾರಿಗೆ ಹತ್ತಿಸುವ ಮುಂಚೆ ಆಂಬ್ಯುಲೆನ್ಸ್‌ಗೆ ಫೋನ್ ಮಾಡಿ. ನಾನು ಮಾಡಲಿಲ್ಲ.

ಹೋದವರ ಮೇಲಿನ ಪ್ರೀತಿಗೆ ನಾನು ಅಡ್ಡ ಬರುವುದಿಲ್ಲ. ನನಗೂ ನನ್ನ ಮಾವ ಈಗಲೂ ಬೇಕು. ಆದರೆ ಅವರ ಸದ್ದೆಂದುಕೊಂಡು ನಾನು ಕೈಕಟ್ಟಿ ಕೂತಾಗ, ನನ್ನ ಪಕ್ಕದಲ್ಲಿ ಜೀವ ಇರುವವರೊಬ್ಬರು ತಣ್ಣಗಾಗುತ್ತಿದ್ದರು. ಆ ಇಪ್ಪತ್ತು ನಿಮಿಷ ನಿಮ್ಮ ಮನೆಗೆ ಬಾರದಿರಲಿ. ಇವತ್ತೇ ಹೋಗಿ ಬಾನೆಟ್ ಎತ್ತಿ ನೋಡಿ.